ಕುಡಿಸುವ ಕೈಯೇ ಊದಿಸುವ ಕೈ

ಕರ್ನಾಟಕದಲ್ಲಿ ಬಿಕರಿಯಾಗುವ ವಿಸ್ಕಿ ಬಾಟಲಿ, ರಮ್ಮಿನ ಪ್ಯಾಕೆಟ್, ಬಿಯರು ಎಲ್ಲವೂ ಮೊದಲು ಸರ್ಕಾರದ ಗೋದಾಮಿಗೆ ಬಂದು ಇಳಿಯಬೇಕು. ಕಾರ್ಖಾನೆಯವನು ಬಾರಿನವನಿಗೆ ನೇರವಾಗಿ ಒಂದು ಕೇಸನ್ನೂ ಮಾರುವ ಹಾಗಿಲ್ಲ. 2003ರಿಂದ ರಾಜ್ಯ ಪಾನೀಯ ನಿಗಮವೇ ಇಡೀ ನಾಡಿಗೆ ಸಗಟು ವ್ಯಾಪಾರಿ. ಅದು ಸಾಲದೆಂದು ಸರ್ಕಾರ ತನ್ನ ಇನ್ನೊಂದು ಕಂಪನಿ ಎಂಎಸ್‌ಐಎಲ್‌ನ ಬೋರ್ಡು ಹಾಕಿಕೊಂಡು ಚಿಲ್ಲರೆ ಅಂಗಡಿಯನ್ನೂ ನಡೆಸುತ್ತಿದೆ. 2023–24ರಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 36,000 ಕೋಟಿ ರೂಪಾಯಿ. ಮರುವರ್ಷ 38,525 ಕೋಟಿ. 2025–26ರ ಬಜೆಟ್ಟಿನಲ್ಲಿ 40,000 ಕೋಟಿ. ಈ ನಾಡಿನಲ್ಲಿ ಶಾಲೆಯ ಸೂರು ಸೋರಿದರೆ ಕೇಳುವವರಿಲ್ಲ. ಮದ್ಯದ ಗುರಿ ತಪ್ಪಿದರೆ ಮಾತ್ರ ಪರಿಶೀಲನಾ ಸಭೆ, ವಿವರಣೆ, ಛೀಮಾರಿ.

ಹೀಗೆ ಹಗಲೆಲ್ಲ ಮಾರಿದ ಸರ್ಕಾರವೇ ರಾತ್ರಿ ಖಾಕಿ ತೊಟ್ಟು, ಕೈಯಲ್ಲೊಂದು ಯಂತ್ರ ಹಿಡಿದು ತಿರುವಿನಲ್ಲಿ ನಿಂತಿರುತ್ತದೆ. ‘ಸೈಡಿಗೆ ಹಾಕ್ರಿ, ಊದ್ರಿ.’

ಯಾವ ತಾಲ್ಲೂಕು ಕೇಂದ್ರವನ್ನಾದರೂ ದಾಟಿ ಎರಡು ಕಿಲೋಮೀಟರ್ ಹೋಗಿ ನೋಡಿ. ಮನೆಗಳು ಮುಗಿದು ಹೊಲಗಳು ಶುರುವಾಗುವ ಕಡೆ ಒಂದು ಬಾರ್ ಅಂಡ್ ರೆಸ್ಟೋರೆಂಟ್ ಇರುತ್ತದೆ. ಬಸ್ ಸ್ಟಾಪಿಗೆ ದೂರ, ರಸ್ತೆಗೆ ಹತ್ತಿರ. ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಫ್ಯಾಮಿಲಿ ರೂಂ ಇದೆ’, ಅದರ ಕೆಳಗೆ ಇನ್ನೂ ದಪ್ಪಗೆ ‘ವಿಶಾಲವಾದ ಪಾರ್ಕಿಂಗ್ ಸೌಲಭ್ಯವಿದೆ’. ಅಂಗಳದಲ್ಲಿ ಸಾಲಾಗಿ ನಿಂತ ಬೈಕುಗಳು, ಹಿಂದೆ ಖಾಲಿ ಟೊಮೆಟೊ ಕ್ರೇಟು ತುಂಬಿಕೊಂಡ ಲಗೇಜ್ ಆಟೊ, ಟ್ರಾಲಿ ಸಮೇತ ಒಂದು ಟ್ರ್ಯಾಕ್ಟರು, ಎರಡು ಮೂರು ಕಾರು. ಪಕ್ಕದ ಗೂಡಂಗಡಿಯಲ್ಲಿ ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್ಟು, ಹುರಿದ ಕಡ್ಲೆಬೀಜ, ಉಪ್ಪಿನಕಾಯಿ. ರಾತ್ರಿ ಎಂಟರ ಮೇಲೆ ಆ ದಾರಿಯಲ್ಲಿ ಬಸ್ಸಿಲ್ಲ, ಆಟೊ ಇಲ್ಲ. ಒಳಗೆ ಕೂತಿರುವ ನಲವತ್ತು ಜನ ಮನೆಗೆ ಹೋಗುವುದು ಹೇಗೆ? ಈ ಪ್ರಶ್ನೆ ಲೈಸೆನ್ಸ್ ಕೊಟ್ಟ ಅಬಕಾರಿ ಅಧಿಕಾರಿಗೆ ಹೊಳೆಯಲಿಲ್ಲವೇ? ಜಾಗ ನೋಡಿ ಹೋದ ಪೊಲೀಸರಿಗೆ, ಕಟ್ಟಡದ ನಕ್ಷೆಗೆ ಒಪ್ಪಿಗೆ ಕೊಟ್ಟವರಿಗೆ? ಎಲ್ಲರಿಗೂ ಹೊಳೆದಿತ್ತು. ಕುಡಿಯುವುದಕ್ಕೆ ಲೈಸೆನ್ಸು ಕೊಟ್ಟರು, ಗಾಡಿ ನಿಲ್ಲಿಸಲು ಜಾಗ ತೋರಿಸಿದರು. ಆ ಗಾಡಿಯನ್ನು ಹೊರಗೆ ತೆಗೆದ ಕೂಡಲೇ ಅಪರಾಧ. ಇದನ್ನು ಅವರು ಕಾನೂನುಪಾಲನೆ ಅನ್ನುತ್ತಾರೆ.

ಕಾನೂನು ಮೆತ್ತಗಿದೆ, ಇನ್ನಷ್ಟು ಬಿಗಿ ಮಾಡಿ ಎಂದು ಟಿವಿಯಲ್ಲಿ ಕೂತು ಕೂಗುವವರಿದ್ದಾರೆ. ಅವರು ಕಾಯ್ದೆಯನ್ನು ಓದಿದಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮು ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರವನ್ನಷ್ಟೇ ಸಹಿಸುತ್ತದೆ. ಇಂಗ್ಲೆಂಡಿನಲ್ಲಿ ಈ ಮಿತಿ 80. ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯ ಚಾಲಕರಿಗೆ ಹೇಳುವುದು 50. ಅಂದರೆ ನಮ್ಮದು ಅವರಿಗಿಂತ ಕಟ್ಟುನಿಟ್ಟು. ದಂಡ ಎರಡು ಸಾವಿರ ಇದ್ದದ್ದು 2019ರ ಸೆಪ್ಟೆಂಬರ್ 1ರಿಂದ ಹತ್ತು ಸಾವಿರಕ್ಕೆ ಏರಿತು, ಜೊತೆಗೆ ಆರು ತಿಂಗಳವರೆಗೆ ಜೈಲು. ಮತ್ತೆ ಸಿಕ್ಕಿಬಿದ್ದರೆ ಹದಿನೈದು ಸಾವಿರ, ಎರಡು ವರ್ಷ. ರಸ್ತೆಯಲ್ಲೇ ರಸೀದಿ ಹರಿದು ಬಿಟ್ಟುಬಿಡುವ ಕೇಸಲ್ಲ, ಕೋರ್ಟಿನ ಮೆಟ್ಟಿಲು ಹತ್ತಲೇಬೇಕು. ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಇನ್ನೂ ಮುಂದೆ ಹೋಗಿ, ಮೊದಲ ಸಲ ಸಿಕ್ಕವನ ಡಿಎಲ್ಲನ್ನೂ ಕನಿಷ್ಠ ಮೂರು ತಿಂಗಳು ಅಮಾನತು ಮಾಡಿ, ಅವನಿಗೂ ಜೈಲು ಕೇಳಿ ಎಂದು ರಾಜ್ಯಗಳಿಗೆ ಸೂಚಿಸಿತ್ತು. ಕಾಗದದ ಮೇಲೆ ಏನೂ ಕಡಿಮೆಯಿಲ್ಲ.

ಆ 30 ಮಿಲಿಗ್ರಾಂ ಎಂದರೆ ಎಷ್ಟು ಅನ್ನುವುದನ್ನು ಮಾತ್ರ ಯಾರೂ ಜನಕ್ಕೆ ಬಿಡಿಸಿ ಹೇಳಿಲ್ಲ. ‘ಒಂದೇ ನೈಂಟಿ ಸಾರ್’ ಅನ್ನುತ್ತಾರಲ್ಲ, ಆ ತೊಂಬತ್ತು ಮಿಲಿಲೀಟರ್ ವಿಸ್ಕಿಯಲ್ಲಿ ಹತ್ತಿರ ಹತ್ತಿರ ಮೂವತ್ತು ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಎಪ್ಪತ್ತು ಕಿಲೋ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಅದನ್ನು ಒಟ್ಟಿಗೆ ಏರಿಸಿದರೆ ರಕ್ತದಲ್ಲಿ ಅರವತ್ತರ ಆಸುಪಾಸು, ಅಂದರೆ ಮಿತಿಯ ಎರಡು ಪಟ್ಟು. ಒಂದು ಕ್ವಾರ್ಟರಿಗೆ ನೂರಿಪ್ಪತ್ತರ ಮೇಲೆ. ‘ಬರೀ ಬಿಯರ್’ ಎಂದು ರಾಗ ಎಳೆಯುವವನ ಸ್ಟ್ರಾಂಗ್ ಬಿಯರಿನ ಒಂದು ದೊಡ್ಡ ಬಾಟಲಿಯೂ ಎಂಬತ್ತರ ಹತ್ತಿರ ತಂದು ನಿಲ್ಲಿಸುತ್ತದೆ. ಇಳಿಯುವುದು ಗಂಟೆಗೆ ಹದಿನೈದು, ಹೆಚ್ಚೆಂದರೆ ಇಪ್ಪತ್ತು ಮಿಲಿಗ್ರಾಂ. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರ ಸ್ನಾನ, ಯಾವುದಕ್ಕೂ ಅದು ಜಗ್ಗುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಎರಡು ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಿಗ್ಗೆ ಎಂಟಕ್ಕೆ ಹಲ್ಲುಜ್ಜಿ, ವಿಭೂತಿ ಹಚ್ಚಿಕೊಂಡು ಸ್ಟೀರಿಂಗ್ ಹಿಡಿದಾಗ ಅವನ ರಕ್ತದಲ್ಲಿ ಇನ್ನೂ ಮಿತಿಯ ಮೂರು–ನಾಲ್ಕು ಪಟ್ಟು ಕೂತಿರುತ್ತದೆ.

ಆ ಸ್ಟೀರಿಂಗ್ ಶಾಲೆಯ ವ್ಯಾನಿನದು ಆಗಿದ್ದರೆ? ಬೆಂಗಳೂರಿನ ಸಂಚಾರ ಪೊಲೀಸರು ಬೆಳಗಿನ ಹೊತ್ತು ಶಾಲಾ ವಾಹನಗಳನ್ನು ತಡೆದು ಊದಿಸಿದಾಗ ಕುಡಿದ ಚಾಲಕರು ಸಿಕ್ಕಿಬಿದ್ದದ್ದು ಒಂದು ಸಲವಲ್ಲ. ಸಿಕ್ಕಾಗ ಎರಡು ದಿನ ಸುದ್ದಿ, ಶಾಲೆಗೊಂದು ನೋಟಿಸು. ಹಾಗಾದರೆ ಊದಿಸದ ದಿನಗಳಲ್ಲಿ ಆ ವ್ಯಾನು ಓಡಿಸಿದವರು ಯಾರು? ಊದಿಸುವವರೇ ಇಲ್ಲದ ಜಿಲ್ಲೆಗಳಲ್ಲಿ ಇವತ್ತು ಬೆಳಿಗ್ಗೆ ಓಡಿಸಿದವರು ಯಾರು?

ಇಲ್ಲಿಗೆ ಬಂದೆವು ನೋಡಿ. ನಗರದಲ್ಲಿ ಊದಿಸುವುದು ಶುಕ್ರವಾರ, ಶನಿವಾರದ ರಾತ್ರಿಯ ಹಬ್ಬ. ಅದೇ ಫ್ಲೈಓವರಿನ ಬುಡ, ಅದೇ ಸಿಗ್ನಲ್ಲು. ಹತ್ತೂವರೆಗೆ ಬ್ಯಾರಿಕೇಡು ಇಟ್ಟರೆ ಹತ್ತು ಮುಕ್ಕಾಲಿಗೆ ವಾಟ್ಸ್‌ಆ್ಯಪ್‌ನಲ್ಲಿ ‘ಆ ಕಡೆ ಬರ್ಬೇಡ ಮಗಾ, ಊದಿಸ್ತಿದಾರೆ’ ಎಂದು ಸುದ್ದಿ ಹರಿದಿರುತ್ತದೆ. ಹಳ್ಳಿಯ ಕಡೆ ಆ ಹಬ್ಬವೂ ಇಲ್ಲ. ನಮ್ಮ ಹೋಬಳಿಯಲ್ಲಿ ಯಾರನ್ನಾದರೂ ನಿಲ್ಲಿಸಿ ‘ಯಾವತ್ತಾದರೂ ಊದಿದ್ದೀಯೇನಪ್ಪ?’ ಎಂದು ಕೇಳಿದರೆ ‘ಒಲೆ ಊದಿದೀನಿ ಸ್ವಾಮಿ’ ಅನ್ನುತ್ತಾನೆ. ಬೀಗರೂಟ ಮುಗಿಸಿಕೊಂಡು ಬರುವ ಟ್ರ್ಯಾಕ್ಟರು, ಸಂತೆಯಿಂದ ಮರಳುವ ಆಟೊ, ಜಾತ್ರೆಯಿಂದ ಮೂರು ಜನರನ್ನು ಹೊತ್ತು ಬರುವ ಬೈಕು, ಇವುಗಳಿಗೂ 185ನೇ ಕಲಮಿಗೂ ಮುಖಪರಿಚಯವೇ ಇಲ್ಲ.

ಅಪಘಾತ ಆದ ಮೇಲಾದರೂ ಕಾನೂನು ಎದ್ದು ಕೂರುತ್ತದೆಯೇ? ಗ್ರಾಮಾಂತರ ಠಾಣೆಯೊಂದರ ರಾತ್ರಿಯನ್ನು ಊಹಿಸಿಕೊಳ್ಳಿ. ಎಸ್‌ಐ ಯಾವುದೋ ಬಂದೋಬಸ್ತಿಗೆ ಹೋಗಿದ್ದಾರೆ. ಇರುವುದು ಒಂದು ಜೀಪು, ಇಬ್ಬರು ಮೂವರು ಸಿಬ್ಬಂದಿ. ಊದಿಸುವ ಯಂತ್ರ ಜಿಲ್ಲಾ ಕೇಂದ್ರದ ಟ್ರಾಫಿಕ್ ಠಾಣೆಯಲ್ಲಿ. ಕುಡಿದು ಓಡಿಸಿದನೆಂದು ಹಿಡಿದವನನ್ನು ಎರಡು ತಾಸಿನೊಳಗೆ ವೈದ್ಯರ ಮುಂದೆ ನಿಲ್ಲಿಸಬೇಕು, ಇಲ್ಲವಾದರೆ ಬಿಟ್ಟುಬಿಡಬೇಕು ಎಂದು ಕಾಯ್ದೆಯೇ ಹೇಳುತ್ತದೆ. ತಾಲ್ಲೂಕು ಆಸ್ಪತ್ರೆಯ ಒಬ್ಬರೇ ಡ್ಯೂಟಿ ಡಾಕ್ಟರು ಹೆರಿಗೆ ಕೋಣೆಯಲ್ಲಿರುತ್ತಾರೆ. ಗಡಿಯಾರ ಓಡುತ್ತದೆ, ರಕ್ತದಲ್ಲಿನ ಮದ್ಯಸಾರ ಗಂಟೆಗೆ ಹದಿನೈದರಂತೆ ಇಳಿಯುತ್ತದೆ, ಊರಿನ ಮುಖಂಡನ ಫೋನು ಬರುತ್ತದೆ. ಬಾಯಿಂದ ವಾಸನೆ ಬರುತ್ತಿತ್ತು, ತೂರಾಡುತ್ತಿದ್ದ ಎಂದು ಬರೆದರೆ ಸಾಲದು, ಅಷ್ಟರಿಂದಲೇ ಕುಡಿದಿದ್ದನೆಂದು ಹೇಳಲಾಗದು ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿಬಿಟ್ಟಿದೆ. ಹೀಗಾಗಿ ಬೆಳಿಗ್ಗೆ ದಾಖಲಾಗುವ ಎಫ್‌ಐಆರಿನಲ್ಲಿ ಅದೇ ಹಳೆಯ ಸಾಲು ಮೂಡುತ್ತದೆ: ಸದರಿ ವಾಹನವನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು. ಠಾಣೆಯಲ್ಲೇ ಜಾಮೀನು. ಸತ್ತವನ ಹೆಂಡತಿ ಇನ್ನೂ ಶವಾಗಾರದ ಮುಂದೆ ಕೂತಿರುತ್ತಾಳೆ, ಹೊಡೆದವನು ಮನೆಯಲ್ಲಿ ಕಾಫಿ ಕುಡಿಯುತ್ತಿರುತ್ತಾನೆ.

ಇನ್ನೊಂದು ಸಂಗತಿಯಿದೆ, ಇದನ್ನು ಹೇಳಲು ಕಷ್ಟವಾಗುತ್ತದೆ. ಕುಡಿದು ತಾನೇ ಬಿದ್ದು ಸತ್ತವನ ಮನೆಯವರು ವೈದ್ಯರ ಕೈಕಾಲು ಹಿಡಿಯುತ್ತಾರೆ. ‘ಕುಡಿದಿದ್ದ ಅಂತ ಬರೀಬೇಡಿ ಸಾರ್, ಇನ್ಶೂರೆನ್ಸ್ ಬರಲ್ಲ. ಮಕ್ಕಳಿದಾವೆ.’ ವೈದ್ಯರೂ ಮನುಷ್ಯರೇ. ಮರಣೋತ್ತರ ವರದಿಯಿಂದ ಮದ್ಯ ಆವಿಯಾಗುತ್ತದೆ. ಆ ಹೆಣ್ಣುಮಗಳನ್ನು ನಾನು ದೂರಲಾರೆ. ಆದರೆ ಹೀಗೆ ಠಾಣೆಯಲ್ಲೊಮ್ಮೆ, ಆಸ್ಪತ್ರೆಯಲ್ಲೊಮ್ಮೆ ಅಳಿಸಿಹೋದ ಮದ್ಯ ಕೇಂದ್ರ ಸರ್ಕಾರದ ರಸ್ತೆ ಅಪಘಾತ ವರದಿಯಲ್ಲಿ ಹೇಗೆ ಕಾಣುತ್ತದೆ ನೋಡಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಅತಿವೇಗದ ಪಾಲು ಶೇ 71. ಕುಡಿತ ಮತ್ತು ಮಾದಕದ್ರವ್ಯ ಎರಡೂ ಸೇರಿ ಶೇ 2.5. ಅತಿವೇಗ ಯಾಕೆ ಬಂತು ಎಂದು ಆ ವರದಿ ಕೇಳುವುದಿಲ್ಲ. ಆಸ್ಪತ್ರೆಗೆ ಬರುವ ಗಾಯಾಳುಗಳನ್ನು ಪರೀಕ್ಷಿಸಿದರೆ ಕುಡಿತದ ಪಾಲು ಪೊಲೀಸ್ ಲೆಕ್ಕಕ್ಕಿಂತ ಎಷ್ಟೋ ಹೆಚ್ಚು ಎಂದು ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಮತ್ತು ಸಂಗಡಿಗರು ಬೆಂಗಳೂರಿನಲ್ಲೇ ಅಧ್ಯಯನ ಮಾಡಿ ಹೇಳಿ ಎರಡು ದಶಕ ಕಳೆಯಿತು. ಆದರೂ ಶೇ 2.5 ಎಂದರೆ ಮಂತ್ರಿಗಳಿಗೆ ಹಿತ. ಅದು 40,000 ಕೋಟಿಯ ನಿದ್ದೆ ಕೆಡಿಸುವುದಿಲ್ಲ.

2025ರ ಅಕ್ಟೋಬರ್ 24ರ ನಸುಕಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಸ್ಲೀಪರ್ ಬಸ್ಸು ಕರ್ನೂಲಿನ ಬಳಿ ಹೊತ್ತಿ ಉರಿದು 19 ಪ್ರಯಾಣಿಕರು ಬೂದಿಯಾದರು. ಅದಕ್ಕೂ ಮುಂಚೆ ಬೈಕ್ ಸವಾರನೊಬ್ಬ ರಸ್ತೆಗೆ ಬಿದ್ದು ಸತ್ತಿದ್ದ. ರಸ್ತೆಯಲ್ಲಿ ಬಿದ್ದಿದ್ದ ಅವನ ಬೈಕನ್ನು ಬಸ್ಸು ಎಳೆದುಕೊಂಡು ಹೋದಾಗ ಬೆಂಕಿ ಎದ್ದಿತು. ಸವಾರ ಕುಡಿದಿದ್ದ ಎಂದು ಪ್ರಯೋಗಾಲಯದ ಪರೀಕ್ಷೆಯಿಂದ ತಿಳಿಯಿತು. ಪರೀಕ್ಷೆ ನಡೆದದ್ದಾದರೂ ಯಾಕೆ? 19 ಜನ ಸುಟ್ಟುಹೋದದ್ದಕ್ಕೆ. ಬಸ್ಸು ಐದು ನಿಮಿಷ ತಡವಾಗಿ ಬಂದಿದ್ದು, ಅಷ್ಟರೊಳಗೆ ಯಾರಾದರೂ ಬೈಕನ್ನು ಪಕ್ಕಕ್ಕೆ ಎಳೆದಿದ್ದರೆ, ಆ ಸವಾರ ‘ಆಯತಪ್ಪಿ ಬಿದ್ದು ಮೃತ’ ಎಂಬ ಸಾಲಿನಲ್ಲಿ ಮುಗಿದುಹೋಗುತ್ತಿದ್ದ.

ನೀತಿ ಮಾಡುವವರಿಗೆ ಮನಸ್ಸಿದ್ದರೆ ಎಷ್ಟು ಚುರುಕಾಗಿ ಓಡಬಲ್ಲರು ಎನ್ನುವುದನ್ನೂ ನಾವು ಕಂಡಿದ್ದೇವೆ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಯ 500 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದು, 2017ರ ಏಪ್ರಿಲ್ 1ರಿಂದ ಇದು ಜಾರಿ ಎಂದಿತು. ರಾಜ್ಯಗಳಿಗೆಲ್ಲ ಜ್ವರ ಬಂತು. ಗಡುವಿನ ಹಿಂದಿನ ದಿನ ಕೋರ್ಟೇ ಸಣ್ಣ ಊರುಗಳಿಗೆ 220 ಮೀಟರ್ ಎಂದು ಇಳಿಸಿತು. ಅಷ್ಟರಲ್ಲಿ ಹಲವು ರಾಜ್ಯಗಳು ಹೆದ್ದಾರಿಗಳ ಹೆಸರನ್ನೇ ಅಳಿಸಿ ‘ನಗರ ರಸ್ತೆ’ ಎಂದು ಬರೆದುಕೊಂಡವು. ಕೇರಳದ ಉತ್ತರ ಪರವೂರಿನ ಬಾರೊಂದು ತನ್ನ ಅಂಗಳದಲ್ಲಿ ಸುತ್ತಿ ಸುತ್ತಿ ಹೋಗುವ ಗೋಡೆ ಕಟ್ಟಿ, ಗಿರಾಕಿ ನಡೆಯುವ ದೂರವನ್ನು 500 ಮೀಟರಿಗೆ ಏರಿಸಿತು. ನಗುವ ವಿಷಯ ನಿಜ, ಆದರೆ ಆ ಬಾರಿನವನು ತನ್ನ ಖರ್ಚಿನಲ್ಲಿ ಮಾಡಿದ್ದನ್ನೇ ಸರ್ಕಾರಗಳು ನಮ್ಮ ಖರ್ಚಿನಲ್ಲಿ ಮಾಡಿದವು. ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಬಾರುಗಳು ಆ ಜುಲೈಯಲ್ಲಿ ಬಾಗಿಲು ಹಾಕಿದಾಗ ನಮ್ಮ ಸರ್ಕಾರವೂ ನಗರದೊಳಗಿನ ಹೆದ್ದಾರಿಗಳನ್ನು ಪಟ್ಟಿಯಿಂದ ಕೈಬಿಡಿ ಎಂದು ಕೇಂದ್ರಕ್ಕೆ ಮೊರೆಯಿಟ್ಟಿತು. ಅದೇ ತಿಂಗಳು ಕೋರ್ಟು ನಗರ ಮಿತಿಯೊಳಗೆ ಈ ನಿಷೇಧ ಅನ್ವಯಿಸದು ಎಂದಿತು. ಎಲ್ಲರೂ ನಿಟ್ಟುಸಿರು ಬಿಟ್ಟರು.

ನಮ್ಮೂರ ರಸ್ತೆಯ ಗುಂಡಿಯ ಬಗ್ಗೆ ಅರ್ಜಿ ಕೊಟ್ಟು ನೋಡಿ. ಲೋಕೋಪಯೋಗಿಯವರು ಅದು ಹೆದ್ದಾರಿ ಪ್ರಾಧಿಕಾರದ್ದು ಅನ್ನುತ್ತಾರೆ, ಅವರು ಪುರಸಭೆಯದು ಅನ್ನುತ್ತಾರೆ, ರಸ್ತೆ ಯಾರದ್ದೆಂದು ಗೊತ್ತಾಗುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಬಾರಿನ ಪ್ರಶ್ನೆ ಬಂದಾಗ ಮಾತ್ರ ಯಾವ ರಸ್ತೆ ಯಾರದ್ದು ಎಂಬುದು ಕೆಲವೇ ತಿಂಗಳಲ್ಲಿ ಇತ್ಯರ್ಥವಾಯಿತು.

ದುಡ್ಡಿದ್ದವರ ಕಥೆಯನ್ನು ಉದ್ದ ಮಾಡುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ದೆಹಲಿಯಲ್ಲಿ 1999ರಲ್ಲಿ ಕಾರೊಂದು ಆರು ಜನರನ್ನು ಕೊಂದಿತು, ಅವರಲ್ಲಿ ಮೂವರು ಪೊಲೀಸರು. 2012ರಲ್ಲಿ ಸುಪ್ರೀಂ ಕೋರ್ಟು, ಓಡಿಸಿದವನು ಆಗಲೇ ಕಳೆದ ಎರಡು ವರ್ಷದ ಸೆರೆವಾಸ ಸಾಕು, ಮೇಲೆ 50 ಲಕ್ಷ ರೂಪಾಯಿ ಮತ್ತು ಸಮಾಜಸೇವೆ ಎಂದಿತು. ಮುಂಬೈಯ ಕಾರ್ಟರ್ ರಸ್ತೆಯಲ್ಲಿ 2006ರಲ್ಲಿ ಫುಟ್‌ಪಾತಿನಲ್ಲಿ ಮಲಗಿದ್ದ ಏಳು ಮಂದಿ ಕೂಲಿಯವರು ಸತ್ತರು. ಕೊನೆಗೆ ಉಳಿದ ಶಿಕ್ಷೆ ಮೂರು ವರ್ಷ, ಭಾಗಿಸಿದರೆ ಜೀವವೊಂದಕ್ಕೆ ಐದು ತಿಂಗಳು ಚಿಲ್ಲರೆ. ಪುಣೆಯಲ್ಲಿ 2024ರ ಮೇ ತಿಂಗಳಲ್ಲಿ ಹದಿನೇಳರ ಹುಡುಗ ಓಡಿಸಿದ ಪೋರ್ಷೆ ಕಾರು ಇಬ್ಬರು ಯುವ ಎಂಜಿನಿಯರುಗಳನ್ನು ಕೊಂದಾಗ ಬಾಲನ್ಯಾಯ ಮಂಡಳಿ ಮೊದಲು ಹೇಳಿದ್ದು 300 ಪದಗಳ ಪ್ರಬಂಧ ಬರೆದುಕೊಂಡು ಬಾ ಎಂದು. ಆಮೇಲೆ ಹುಡುಗನ ರಕ್ತದ ಮಾದರಿಯನ್ನೇ ಆಸ್ಪತ್ರೆಯಲ್ಲಿ ಬದಲಿಸಿದ ಆರೋಪದ ಮೇಲೆ ವೈದ್ಯರ ಬಂಧನವಾಯಿತು. ನಮ್ಮ ತಾಲ್ಲೂಕಿನಲ್ಲಿ ರಕ್ತ ತೆಗೆಯುವುದೇ ಇಲ್ಲ, ಅಲ್ಲಿ ತೆಗೆದದ್ದೂ ಬೇರೆಯವರ ರಕ್ತವಾಯಿತು.

ಬೆಂಗಳೂರಿನ ರಾತ್ರಿಯನ್ನಾದರೂ ನೋಡಿ. ಬಾರುಗಳಿಗೆ ರಾತ್ರಿ ಒಂದರವರೆಗೆ ಅನುಮತಿ. ಮೆಟ್ರೊದ ಕೊನೆಯ ರೈಲುಗಳು ತುದಿಯ ನಿಲ್ದಾಣಗಳಿಂದ ಹೊರಡುವುದು ಹನ್ನೊಂದರ ಸುಮಾರಿಗೆ. ಹನ್ನೊಂದರಿಂದ ಒಂದರ ನಡುವೆ ಕುಡಿದು ಎದ್ದವನನ್ನು ಮನೆ ಮುಟ್ಟಿಸುವ ಹೊಣೆ ಯಾರದು? ಆ ಹೊತ್ತಿನಲ್ಲಿ ಕ್ಯಾಬಿನವನು ಮೂರು ಪಟ್ಟು ಕೇಳುತ್ತಾನೆ, ಆಟೊದವನು ಬರಲೊಲ್ಲ. ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು ಎಂದು ತೀರ್ಮಾನಿಸಿದವರೂ ರೈಲು ಎಷ್ಟು ಹೊತ್ತಿಗೆ ನಿಲ್ಲಬೇಕು ಎಂದು ತೀರ್ಮಾನಿಸಿದವರೂ ಒಂದೇ ಮೇಜಿನ ಸುತ್ತ ಕೂರಲಿಲ್ಲ. ಹೊಸ ವರ್ಷದ ರಾತ್ರಿ ಮೆಟ್ರೊ ತಡವಾಗಿ ಓಡುತ್ತದೆ, ಪೊಲೀಸರು ಬೀದಿ ತುಂಬ ನಿಲ್ಲುತ್ತಾರೆ. ಒಂದು ರಾತ್ರಿ ಆಗುವುದು ಉಳಿದ ರಾತ್ರಿಗಳಲ್ಲಿ ಯಾಕಾಗದು ಎಂದು ಕೇಳಿದರೆ ನಷ್ಟದ ಲೆಕ್ಕ ಬಿಚ್ಚುತ್ತಾರೆ. ಅಬಕಾರಿಯ ಲಾಭದ ಲೆಕ್ಕವನ್ನು ಅದರ ಪಕ್ಕಕ್ಕೆ ಇಡುವುದಿಲ್ಲ.

2019ರ ಜನವರಿಯಲ್ಲಿ ರಾಯಚೂರು ಸೀಮೆಯಿಂದ, ನಾಡಿನ ಬೇರೆ ಬೇರೆ ಕಡೆಯಿಂದ ಬಂದ ಸಾವಿರಾರು ಹೆಂಗಸರು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. ಸರ್ಕಾರ ಅವರಿಗೆ ಭರವಸೆಯನ್ನೂ ನೆಟ್ಟಗೆ ಕೊಡಲಿಲ್ಲ. ಪೂರ್ತಿ ನಿಷೇಧದಲ್ಲಿ ನನಗೆ ನಂಬಿಕೆಯಿಲ್ಲ. 2007ರ ಜುಲೈ 1ರಂದು ಸಾರಾಯಿ ನಿಂತಾಗ ಕುಡಿಯುವವರು ನಿಲ್ಲಲಿಲ್ಲ, ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕಿಗೆ ಬಂದರು, ಆ ಪ್ಯಾಕು ಈಗ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಬೆಂಕಿಪೊಟ್ಟಣದ ಪಕ್ಕ ಕೂತಿದೆ. ಆದರೆ ಆ ಹೆಂಗಸರು ಒಂದು ವಿಷಯ ಸರಿಯಾಗಿ ಹಿಡಿದಿದ್ದರು. ಗಂಡನನ್ನು ಬೈಯಲು ಅವರು ಇನ್ನೂರು ಕಿಲೋಮೀಟರ್ ನಡೆಯಬೇಕಿರಲಿಲ್ಲ. ಅವರು ಬಂದದ್ದು ಮಾರುವವನ ಮನೆ ಬಾಗಿಲಿಗೆ.

ನಮ್ಮ ಕಾನೂನಿನ ಕಣ್ಣು ಹೋಗದಿರುವುದೂ ಆ ಬಾಗಿಲಿಗೇ. ಜಪಾನಿನಲ್ಲಿ 2006ರಲ್ಲಿ ಕುಡಿದ ಚಾಲಕನೊಬ್ಬ ಮೂವರು ಮಕ್ಕಳ ಸಾವಿಗೆ ಕಾರಣನಾದ ಮೇಲೆ, ಮರುವರ್ಷವೇ ಕಾಯ್ದೆ ತಿದ್ದಿ, ಓಡಿಸುವವನಿಗೆ ಮದ್ಯ ಕೊಟ್ಟವನಿಗೂ ಗಾಡಿ ಕೊಟ್ಟವನಿಗೂ ಗೊತ್ತಿದ್ದೂ ಪಕ್ಕದಲ್ಲಿ ಕೂತವನಿಗೂ ಶಿಕ್ಷೆ ಎಂದರು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1982ರ ಡಿಸೆಂಬರಿನಿಂದ ಯಾರನ್ನು ಬೇಕಾದರೂ, ಅನುಮಾನವೇ ಇಲ್ಲದಿದ್ದರೂ, ತಡೆದು ಊದಿಸತೊಡಗಿತು. ಸಾವು ಇಳಿಯಿತು. ನಮ್ಮ ಕಾಯ್ದೆಯ 203ನೇ ಕಲಮು ಇವತ್ತಿಗೂ ‘ಸಂಶಯಕ್ಕೆ ಸಕಾರಣ’ ಇದ್ದರೆ ಮಾತ್ರ ಊದಿಸಬಹುದು ಅನ್ನುತ್ತದೆ. ಬಾರಿನ ಅಂಗಳದಿಂದ ಗಾಡಿ ತೆಗೆದುಕೊಂಡು ಬರುವುದಕ್ಕಿಂತ ದೊಡ್ಡ ಸಕಾರಣ ಬೇಕೇ? ಹಾಗಿದ್ದರೆ ಪೊಲೀಸರು ಬಾರಿನ ಗೇಟಿನಲ್ಲೇ ಯಾಕೆ ನಿಲ್ಲುವುದಿಲ್ಲ? ಎರಡು ಕಿಲೋಮೀಟರ್ ಆಚೆ, ಸಾಯುವವರು ಸತ್ತ ಮೇಲೆ, ಯಾಕೆ ನಿಲ್ಲುತ್ತಾರೆ? ಗೇಟಿನಲ್ಲಿ ನಿಂತರೆ ವ್ಯಾಪಾರ ಬೀಳುತ್ತದೆ. ಉತ್ತರ ಅಷ್ಟೇ.

ದಂಡವನ್ನು ಹತ್ತರಿಂದ ಇಪ್ಪತ್ತು ಸಾವಿರಕ್ಕೆ ಏರಿಸಿ ಎಂದು ನಾನು ಕೇಳುತ್ತಿಲ್ಲ. ಪ್ರಾಣ ಹೋದ, ಕೈಕಾಲು ಮುರಿದ ಪ್ರತಿ ಅಪಘಾತದಲ್ಲೂ ಚಾಲಕನ ರಕ್ತ ತೆಗೆಯುವುದು ಕಡ್ಡಾಯವಾಗಲಿ, ಕುಡಿದು ಸತ್ತವನ ಮಕ್ಕಳ ಅನ್ನ ಅದರಿಂದ ಕಿತ್ತುಹೋಗದಂತೆ ಅಬಕಾರಿ ಆದಾಯದಲ್ಲೇ ಒಂದು ನಿಧಿ ಇಡಲಿ. ಎಫ್‌ಐಆರಿನಲ್ಲಿ ಒಂದು ಕಾಲಂ ಹೆಚ್ಚಾಗಲಿ: ಎಲ್ಲಿ ಕುಡಿದ, ಆ ಅಂಗಡಿಯ ಲೈಸೆನ್ಸ್ ನಂಬರ್ ಏನು. ನಮ್ಮ ರಾಜ್ಯದ ಅಬಕಾರಿ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಜುಲೈ 1ಕ್ಕೆ ಎಲ್ಲ ಬಾರುಗಳ ಲೈಸೆನ್ಸ್ ಹೊಸದಾಗಬೇಕು. ನವೀಕರಣದ ಕಡತ ಮೇಜಿಗೆ ಬಂದಾಗ ಆ ವರ್ಷ ಆ ಅಂಗಳದಿಂದ ಹೊರಟ ಗಾಡಿಗಳು ಯಾರು ಯಾರನ್ನು ಕೊಂದವು ಎಂಬ ಪಟ್ಟಿ ಅದರ ಮೊದಲ ಪುಟವಾಗಿರಲಿ. ಅದನ್ನು ಓದಿಯೂ ಸಹಿ ಹಾಕುವ ಅಧಿಕಾರಿ ತನ್ನ ಪೂರ್ತಿ ಹೆಸರನ್ನು, ಹುದ್ದೆಯನ್ನು ಬಿಡಿಸಿ ಬರೆದು, ತಾರೀಖು ಹಾಕಿ, ಮೊಹರು ಒತ್ತಲಿ.